ಉದ್ಘಾಟನೆಯ ಮರುದಿನ: ಶಾಲಾ ಕಾಲೇಜು ಆವರಣಗಳ ಯೋಜನೆ, ನಿರ್ವಹಣೆ ಮತ್ತು ಭದ್ರತೆ



ಶಿಕ್ಷಣದ ಬಗೆಗಿನ ದತ್ತಿ ಉಪನ್ಯಾಸವೆಂದರೆ ಪಠ್ಯಕ್ರಮ, ಮಾಧ್ಯಮ, ಪರೀಕ್ಷೆ, ಮೌಲ್ಯ ಇವುಗಳ ಸುತ್ತ ಮಾತಾಡುವುದು ವಾಡಿಕೆ. ನಾನಿಂದು ಸೂರು, ಶೌಚಾಲಯ, ನೀರಿನ ಟ್ಯಾಂಕು, ಕಾಂಪೌಂಡು, ಬೀಗದ ಕೈ ಇವುಗಳ ಬಗ್ಗೆ ಮಾತಾಡಲಿದ್ದೇನೆ. ಪಾಠ ನಡೆಯುವುದು ಇವುಗಳ ನೆರಳಿನಲ್ಲೇ ಆದರೂ ವೇದಿಕೆಯ ಮೇಲೆ ಇವಕ್ಕೆ ಜಾಗ ಸಿಗುವುದು ಅಪರೂಪ.

ನನ್ನ ವಾದ ಒಂದೇ. ಶಾಲೆ ಕಟ್ಟಲು ನಮ್ಮಲ್ಲಿ ಯೋಜನೆ ಇದೆ, ಅನುದಾನ ಇದೆ, ಗುತ್ತಿಗೆದಾರರಿದ್ದಾರೆ, ಉದ್ಘಾಟನೆಗೆ ಮಂತ್ರಿಗಳಿದ್ದಾರೆ, ಕಲ್ಲಿನ ಮೇಲೆ ಹೆಸರೂ ಇದೆ. ಕಟ್ಟಿದ್ದನ್ನು ಕಾಪಾಡಿಕೊಳ್ಳಲು ಆಳಿಲ್ಲ, ಹಣವಿಲ್ಲ, ಲೆಕ್ಕ ಬರೆಯುವ ವಹಿಯೂ ಇಲ್ಲ. ‘ಮಕ್ಕಳ ಸುರಕ್ಷತೆ’ ಎಂದು ನಾವು ಬೇರೆಯಾಗಿ ಹೆಸರಿಟ್ಟು ಚರ್ಚಿಸುವ ಸಂಗತಿಯ ಬಹುಪಾಲು ಈ ಕಾಪಾಡಿಕೊಳ್ಳುವ ಕೆಲಸದಲ್ಲೇ ಅಡಗಿದೆ. ಉದ್ಘಾಟನೆಯ ಮರುದಿನ ಬೆಳಿಗ್ಗೆ ಬೀಗ ತೆಗೆಯುವವರು ಯಾರು ಎಂದು ಕೇಳಿಕೊಳ್ಳದೆ ಕಟ್ಟಿದ ಕಟ್ಟಡ ಮಕ್ಕಳಿಗೆ ಒದಗುವುದಿಲ್ಲ.

ಕಾನೂನು ಏನು ಹೇಳುತ್ತದೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ತಗುಲಿತು. 94 ಮಕ್ಕಳು ಸತ್ತರು. ಒಂದೇ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗಳನ್ನು ತುಂಬಿದ್ದರು. ಇಳಿದು ಓಡಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಆ ಹಿನ್ನೆಲೆಯಲ್ಲಿ ಅವಿನಾಶ್ ಮೆಹ್ರೋತ್ರಾ ಅವರು ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2009ರ ಏಪ್ರಿಲ್ 13ರಂದು ತೀರ್ಪು ಕೊಟ್ಟಿತು. ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನೊಳಗೇ ಸೇರಿದೆ ಎಂಬುದು ಅದರ ತಿರುಳು. ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಶಾಲೆಗಳು ಪಾಲಿಸಬೇಕು, ಬೆಂಕಿ ಆರಿಸುವ ಸಾಧನ ಇರಬೇಕು, ಅದನ್ನು ಬಳಸಲು ಸಿಬ್ಬಂದಿಗೆ ಬರಬೇಕು ಎಂದು ಅದು ಹೇಳಿತು.

ಅದೇ ವರ್ಷ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲಾ ಕಟ್ಟಡದ ಪಟ್ಟಿಯಿದೆ: ಎಲ್ಲ ಕಾಲಕ್ಕೂ ತಡೆಯುವ ಕಟ್ಟಡ, ಶಿಕ್ಷಕರಿಗೆ ತಲಾ ಒಂದು ತರಗತಿ ಕೊಠಡಿ, ಮುಖ್ಯ ಶಿಕ್ಷಕರಿಗೆ ಕಚೇರಿ ಮತ್ತು ದಾಸ್ತಾನಿನ ಕೋಣೆ, ಅಂಗವಿಕಲ ಮಗುವೂ ತಡೆಯಿಲ್ಲದೆ ಒಳಗೆ ಬರುವ ದಾರಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆಕೋಣೆ, ಆಟದ ಬಯಲು, ಕಾಂಪೌಂಡು ಅಥವಾ ಬೇಲಿ. ಪಟ್ಟಿ ಚೆನ್ನಾಗಿದೆ. ಆದರೆ ಅದರಲ್ಲಿರುವುದೆಲ್ಲ ಒಮ್ಮೆ ಕಟ್ಟಿ ‘ಇದೆ’ ಎಂದು ಗುರುತು ಹಾಕಬಹುದಾದ ವಸ್ತುಗಳು. ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಬಾಗಿಲಿಗೆ ಚಿಲಕ ಉಂಟೇ ಎಂಬ ಕಾಲಂ ಅದರಲ್ಲಿಲ್ಲ. ಪ್ರತಿ ವರ್ಷ ಶಾಲೆಯ ಅಂಕಿಅಂಶದ ಯುಡೈಸ್ ನಮೂನೆ ತುಂಬುವ ಮುಖ್ಯ ಶಿಕ್ಷಕರಿಗೆ ‘ಇರುವುದು’ ಮತ್ತು ‘ನಡೆಯುತ್ತಿರುವುದು’ ಇವುಗಳ ನಡುವಿನ ದೂರ ಚೆನ್ನಾಗಿ ಗೊತ್ತು.

ನಕ್ಷೆ ಒಂದು, ನೆಲ ಹಲವು

ಯೋಜನೆಯ ಹಂತದಲ್ಲೇ ಆಗುವ ಮೊದಲ ತಪ್ಪು ಒಂದೇ ಮಾದರಿಯ ನಕ್ಷೆಯನ್ನು ರಾಜ್ಯಕ್ಕೆಲ್ಲ ಹಂಚುವುದು. ಆಗುಂಬೆಯ ಮಳೆಗೂ ರಾಯಚೂರಿನ ಬಿಸಿಲಿಗೂ ಒಂದೇ ಚಪ್ಪಟೆ ತಾರಸಿ ಹೊಂದುವುದಿಲ್ಲ. ಮಲೆನಾಡಿನ ಶಾಲೆಗೆ ಇಳಿಜಾರು ಸೂರು, ಅಗಲವಾದ ಜಗಲಿ, ಇರಚಲು ತಡೆಯುವ ಚಾಚು ಬೇಕು. ಬಯಲುಸೀಮೆಯಲ್ಲಿ ಕಟ್ಟಡದ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿದರೆ ಮಧ್ಯಾಹ್ನದ ಪಾಠದಲ್ಲಿ ಪಡುವಣ ಬಿಸಿಲು ಮಕ್ಕಳ ಮುಖಕ್ಕೆ ಹೊಡೆಯುವುದಿಲ್ಲ. ವಿಜಯಪುರ, ಕಲಬುರಗಿ, ಗದಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು. ಅಲ್ಲಿ ಪಾಯವನ್ನು ಎಲ್ಲೆಡೆಯಂತೆ ತೋಡಿ, ಗೋಡೆಯ ಬುಡದ ಸುತ್ತ ನೀರು ಇಂಗದಂತೆ ಚಪ್ಪಡಿ ಹಾಸದೆ ಬಿಟ್ಟರೆ ಎರಡು ಮೂರು ಮಳೆಗಾಲದಲ್ಲೇ ಕಿಟಕಿಯ ಮೂಲೆಯಿಂದ ಓರೆಯಾದ ಬಿರುಕು ಏಳುತ್ತದೆ. ಅದಕ್ಕೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುವುದರಿಂದ ಪ್ರಯೋಜನವಿಲ್ಲ; ಬಿರುಕಿನ ಕಾರಣ ಗೋಡೆಯಲ್ಲಿಲ್ಲ, ನೆಲದಲ್ಲಿದೆ.

ಎರಡನೆಯದು ಅಳತೆಯ ತಪ್ಪು. ಗಾಲಿಕುರ್ಚಿ ಹತ್ತಬೇಕಾದ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಪ್ರಮಾಣ ಬೇಕು. ಪೀಠ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು 18 ಅಡಿ ಉದ್ದವಿರಬೇಕು. ನಮ್ಮ ಎಷ್ಟೋ ಶಾಲೆಗಳಲ್ಲಿ ಮೆಟ್ಟಿಲ ಪಕ್ಕ ಮಿಕ್ಕ ಜಾಗದಲ್ಲಿ ಐದಾರು ಅಡಿಯ ಜಾರುಬಂಡೆಯೊಂದನ್ನು ಮಾಡಿ ರ‍್ಯಾಂಪ್ ಎಂದು ಲೆಕ್ಕ ಕೊಟ್ಟಿರುತ್ತಾರೆ. ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ, ಮಕ್ಕಳು ಜಾರಿ ಆಡುತ್ತಾರೆ. ಶಾಲೆಗಳೇ ಮತಗಟ್ಟೆಗಳೂ ಆಗಿರುವುದರಿಂದ ಚುನಾವಣೆಯ ಹಿಂದಿನ ವಾರ ಇಳಿಜಾರು, ದೀಪ, ಕುಡಿಯುವ ನೀರು ಎಲ್ಲವೂ ತುರ್ತಾಗಿ ಸರಿಹೋಗುತ್ತವೆ. ಒಂದು ದಿನ ಬರುವ ಮತದಾರನಿಗಾಗಿ ಆಗುವ ಕೆಲಸ ದಿನವೂ ಬರುವ ಮಗುವಿಗಾಗಿ ಏಕೆ ಆಗದು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು.

ಮೂರನೆಯದು ಜಾಗದ ಆಯ್ಕೆ. ಶೌಚಾಲಯವನ್ನು ‘ಕಣ್ಣಿಗೆ ಕಾಣದಿರಲಿ’ ಎಂದು ಕಾಂಪೌಂಡಿನ ಹಿಂದಿನ ಮೂಲೆಗೆ ತಳ್ಳುತ್ತೇವೆ. ಪೈಪು ಅಲ್ಲಿಯವರೆಗೆ ಎಳೆದಿರುವುದಿಲ್ಲ, ದಾರಿಯಲ್ಲಿ ಮುಳ್ಳುಗಿಡ ಬೆಳೆದಿರುತ್ತದೆ, ಒಬ್ಬಳೇ ಹೋಗಲು ಹುಡುಗಿ ಹೆದರುತ್ತಾಳೆ. ಶಿಕ್ಷಕರ ಕೋಣೆಯಿಂದ ನೋಡಿದರೆ ಅಲ್ಲಿಗೆ ಹೋಗುವ ದಾರಿ ಕಾಣುವಂತೆ, ಬಾಗಿಲು ಮಾತ್ರ ಮರೆಯಾಗುವಂತೆ ನಕ್ಷೆಯಲ್ಲೇ ಗುರುತಿಸಿದರೆ ಖರ್ಚು ಹೆಚ್ಚಾಗುವುದಿಲ್ಲ, ಭದ್ರತೆ ಹೆಚ್ಚುತ್ತದೆ.

2022ರ ನವೆಂಬರಿನಲ್ಲಿ ‘ವಿವೇಕ’ ಯೋಜನೆಯಡಿ ಸರ್ಕಾರಿ ಶಾಲೆಗಳಲ್ಲಿ ಕಟ್ಟುವ ಹೊಸ ಕೊಠಡಿಗಳಿಗೆ ಯಾವ ಬಣ್ಣ ಎಂಬ ಬಗ್ಗೆ ರಾಜ್ಯವಿಡೀ ವಾದ ನಡೆಯಿತು. ಪತ್ರಿಕೆ, ಟೀವಿ, ವಿಧಾನಸೌಧ ಎಲ್ಲೆಲ್ಲೂ ಅದೇ ಮಾತು. ಆ ಕೊಠಡಿಯ ಕಿಟಕಿ ಯಾವ ದಿಕ್ಕಿಗಿದೆ, ಬಾಗಿಲು ಹೊರಕ್ಕೆ ತೆರೆಯುತ್ತದೆಯೇ, ಸೋರಿದರೆ ಯಾರು ನೋಡುತ್ತಾರೆ ಎಂಬುದಕ್ಕೆ ಅದರ ನೂರರಲ್ಲೊಂದು ಪಾಲು ಮಾತು ಬಂದಿದ್ದರೂ ಸಾಕಿತ್ತು.

ತಾರಸಿಯ ಮೇಲೆ ನಿಂತ ನೀರು

ಜೂನ್ ತಿಂಗಳ ಮೊದಲ ದೊಡ್ಡ ಮಳೆಯ ಮರುದಿನ ಯಾವುದಾದರೂ ಶಾಲೆಯ ತಾರಸಿ ಹತ್ತಿ ನೋಡಿ. ಮಳೆನೀರು ಇಳಿಯುವ ಪೈಪಿನ ಬಾಯಲ್ಲಿ ಹೊಂಗೆಯ ಎಲೆ, ಹಾಲಿನ ಪುಡಿಯ ಖಾಲಿ ಪ್ಯಾಕೆಟ್ಟು, ಕಳೆದ ವರ್ಷ ಯಾರೋ ಹೊಡೆದ ಸಿಕ್ಸರಿನ ಟೆನಿಸ್ ಚೆಂಡು ಸಿಕ್ಕಿಕೊಂಡಿರುತ್ತವೆ. ತಾರಸಿಯ ಮೇಲೆ ಗೇಣು ಆಳದ ನೀರು. ಕೈಹಿಡಿಗೋಡೆಯ ಸಂದಿಯಲ್ಲಿ ಒಂದು ಅರಳಿ ಸಸಿ. ಕೆಳಗೆ ನಾಲ್ಕನೇ ತರಗತಿಯ ಮಕ್ಕಳು ಮಗ್ಗಿ ಹೇಳುತ್ತಿರುತ್ತಾರೆ.

ಆ ನೀರು ಮೆಲ್ಲಗೆ ಕಾಂಕ್ರೀಟಿನ ಒಳಗಿನ ಕಂಬಿ ಮುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ತನ್ನ ಮೊದಲ ಗಾತ್ರದ ಎರಡು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಉಬ್ಬಿದ ಕಂಬಿ ಕೆಳಗಿನ ಕಾಂಕ್ರೀಟಿನ ಪದರವನ್ನು ಒಳಗಿನಿಂದಲೇ ಸೀಳುತ್ತದೆ. ಮೊದಲು ಕಂದು ಬಣ್ಣದ ಕಲೆ, ಆಮೇಲೆ ಕಂಬಿಯ ಗುಂಟ ಗೆರೆಯಂಥ ಬಿರುಕು, ಆಮೇಲೆ ಗಿಲಾವು ಉದುರುವುದು, ಕೊನೆಗೆ ತುಂಡು ಬೀಳುವುದು. ಕಲೆ ಕಂಡಾಗಿನಿಂದ ತುಂಡು ಬೀಳುವವರೆಗೆ ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಕಟ್ಟಡ ಅಷ್ಟು ದಿನ ಸುದ್ದಿ ಕೊಡುತ್ತಲೇ ಇರುತ್ತದೆ, ಕೇಳಿಸಿಕೊಳ್ಳುವವರು ಬೇಕು.

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಮೇಲಿನಿಂದ ಕಲ್ಲು ಚೂರು ಉದುರುತ್ತಿದೆ ಎಂದು ಮಕ್ಕಳು ಮೊದಲೇ ಹೇಳಿದ್ದರೆಂದು ವರದಿಯಾಯಿತು. ದುರಂತವಾದ ಮೇಲೆ ದೇಶದ ಎಲ್ಲ ಶಾಲೆಗಳ ಸುರಕ್ಷತಾ ತಪಾಸಣೆಗೆ ಕೇಂದ್ರದಿಂದ ಸೂಚನೆ ಹೊರಟಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಹಳೆಯ ಚಾಳಿ.

ಇದಕ್ಕೆ ಎದುರಾಗಿ ನಮ್ಮ ಮೈಸೂರಿನದೇ ಒಂದು ನಿದರ್ಶನವಿದೆ. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ರಸಾಯನಶಾಸ್ತ್ರ ಪ್ರಯೋಗಾಲಯದ ಭಾಗ ಕುಸಿಯಿತು. ಬಿರುಕು ಕಂಡ ಸಿಬ್ಬಂದಿ ವಿದ್ಯಾರ್ಥಿನಿಯರನ್ನು ಅದಕ್ಕೂ ಮೊದಲೇ ಹೊರಗೆ ಕಳಿಸಿದ್ದರು. ಯಾರ ಜೀವವೂ ಹೋಗಲಿಲ್ಲ. ಕಟ್ಟಡವನ್ನು ಕಾಪಾಡಲಿಕ್ಕಾಗಲಿಲ್ಲ, ಅದು ಬೇರೆ ಪ್ರಶ್ನೆ. ಗೋಡೆ ನೋಡಿ ಅರ್ಥಮಾಡಿಕೊಳ್ಳುವ ಕಣ್ಣು ಒಂದೆರಡಿದ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ನಮ್ಮ ಹಿರಿಯರಿಗೆ ಈ ಕಣ್ಣಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸದ ಮನೆಯಿರಲಿಲ್ಲ; ಪಕಾಸಿಗೆ ಗೆದ್ದಲು ಹಿಡಿದಿದೆಯೇ, ರೀಪು ಮುರಿದಿದೆಯೇ ಎಂದು ಆಗಲೇ ತಿಳಿದುಹೋಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು ವರ್ಷದ ಕೆಲಸ. ಆರ್‌ಸಿಸಿ ತಾರಸಿ ಬಂದಾಗ ಅದರ ಜತೆಗೇ ‘ಇದಕ್ಕೆ ಇನ್ನೇನೂ ಮಾಡಬೇಕಾಗಿಲ್ಲ’ ಎಂಬ ನಂಬಿಕೆಯೂ ಬಂತು. ವರ್ಷಕ್ಕೊಮ್ಮೆ ಸೂರು ಹತ್ತುವ ರೂಢಿ ತಪ್ಪಿದ್ದು ಹೀಗೆ.

ಶೌಚಾಲಯದ ಲೆಕ್ಕ

2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಎಲ್ಲ ಶಾಲೆಗಳಲ್ಲೂ ನೀರು, ಶೌಚಾಲಯ ಒದಗಿಸಬೇಕೆಂದು ಆದೇಶಿಸಿತು. 2014ರಲ್ಲಿ ‘ಸ್ವಚ್ಛ ವಿದ್ಯಾಲಯ’ ಅಭಿಯಾನ ಶುರುವಾಗಿ ಒಂದೇ ವರ್ಷದಲ್ಲಿ ದೇಶದಾದ್ಯಂತ ನಾಲ್ಕು ಲಕ್ಷಕ್ಕೂ ಹೆಚ್ಚು ಶೌಚಾಲಯ ಕಟ್ಟಿದ್ದೇವೆಂದು ಸರ್ಕಾರ ಘೋಷಿಸಿತು. ಅವುಗಳಲ್ಲಿ ಸಾರ್ವಜನಿಕ ವಲಯದ ಕಂಪನಿಗಳು ಕಟ್ಟಲು ವಹಿಸಿಕೊಂಡಿದ್ದ 2,695 ಶೌಚಾಲಯಗಳನ್ನು ಮಹಾಲೆಕ್ಕಪರಿಶೋಧಕರ (ಸಿಎಜಿ) ತಂಡ ಹೋಗಿ ನೋಡಿ 2020ರಲ್ಲಿ ವರದಿ ಕೊಟ್ಟಿತು. ನಿಜಕ್ಕೂ ಕಟ್ಟಿ ಮುಗಿದದ್ದು 2,326. ಅವುಗಳಲ್ಲಿ ಶೇ. 72ರಷ್ಟಕ್ಕೆ ಒಳಗೆ ನಲ್ಲಿನೀರಿರಲಿಲ್ಲ. ಶೇ. 55ರಷ್ಟರಲ್ಲಿ ಕೈ ತೊಳೆಯುವ ವ್ಯವಸ್ಥೆಯಿರಲಿಲ್ಲ. ಸುಮಾರು ಶೇ. 30ರಷ್ಟು ಬಳಕೆಯಲ್ಲೇ ಇರಲಿಲ್ಲ: ನೀರಿರಲಿಲ್ಲ, ತೊಳೆಯುವವರಿರಲಿಲ್ಲ, ಮುರಿದಿದ್ದವು, ಬೀಗ ಬಿದ್ದಿತ್ತು.

ಏಕೆ ಹೀಗೆ? ಹಣದ ಲೆಕ್ಕ ಹಾಕಿ ನೋಡೋಣ. ಸಮಗ್ರ ಶಿಕ್ಷಣ ಯೋಜನೆಯಡಿ ಬರುವ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೀರಿದರೆ ಒಂದು ಲಕ್ಷ. ಇದರಲ್ಲಿ ಶೇ. 10ರಷ್ಟನ್ನಾದರೂ ಸ್ವಚ್ಛತೆಗೆ ಬಳಸಬೇಕು. 90 ಮಕ್ಕಳ ಒಂದು ಹಳ್ಳಿ ಶಾಲೆಗೆ ಆ ಶೇ. 10 ಎಂದರೆ ವರ್ಷಕ್ಕೆ 2,500 ರೂಪಾಯಿ, ತಿಂಗಳಿಗೆ ಇನ್ನೂರು ಚಿಲ್ಲರೆ. ಅದರಲ್ಲಿ ಫಿನಾಯಿಲು, ಬ್ಲೀಚಿಂಗ್ ಪೌಡರು, ಪೊರಕೆ ಬರಬಹುದು. ತೊಳೆಯುವ ಮನುಷ್ಯ ಬರುವುದಿಲ್ಲ. ಉಳಿದ ಹಣ ಸೀಮೆಸುಣ್ಣ, ರಿಜಿಸ್ಟರು, ಕೆಟ್ಟ ಮೋಟಾರು, ಒಡೆದ ನಲ್ಲಿ ಎಲ್ಲಕ್ಕೂ ಹಂಚಿಹೋಗಬೇಕು. ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತರಿಲ್ಲ, ಜವಾನರಿಲ್ಲ. ಗಂಟೆ ಹೊಡೆಯುವುದರಿಂದ ಹಿಡಿದು ಬಿಲ್ಲು ಬರೆಯುವವರೆಗೆ ಮುಖ್ಯ ಶಿಕ್ಷಕರೇ.

ಆಳಿಲ್ಲದ ಜಾಗಕ್ಕೆ ಮಕ್ಕಳನ್ನು ಹಚ್ಚುವುದು ಆಗ ಸಲೀಸಾಗಿ ನಡೆದುಹೋಗುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೇ ಇಳಿಸಿದ ಸುದ್ದಿ ರಾಜ್ಯವನ್ನು ತಲೆತಗ್ಗಿಸುವಂತೆ ಮಾಡಿತು. ತಪ್ಪಿತಸ್ಥರ ಮೇಲೆ ಕ್ರಮವಾಗಬೇಕಾದದ್ದೇ. ಆದರೆ ತೊಳೆಯುವ ಕೆಲಸಕ್ಕೆ ಕೂಲಿಯ ಲೆಕ್ಕವೇ ಇಲ್ಲದ ವ್ಯವಸ್ಥೆಯಲ್ಲಿ ಆ ಕೆಲಸ ಕೊನೆಗೆ ಯಾರ ತಲೆಗೆ ಬರುತ್ತದೆ, ಅದರಲ್ಲೂ ಯಾವ ಜಾತಿಯ ಮಕ್ಕಳ ತಲೆಗೆ ಬರುತ್ತದೆ ಎಂಬುದನ್ನು ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ತಮ್ಮ ತರಗತಿ ಗುಡಿಸಿಕೊಳ್ಳುವುದು ಶಿಸ್ತು. ಮಲದ ಗುಂಡಿ ಬಳಿಸುವುದು ಅಪರಾಧ. ಎರಡನ್ನೂ ‘ಶ್ರಮದಾನ’ ಎಂಬ ಒಂದೇ ಹೆಸರಿನಲ್ಲಿ ಕರೆಯುವುದನ್ನು ಬಿಡೋಣ.

ಒಂದು ಒಳ್ಳೆಯ ಹೆಜ್ಜೆಯನ್ನೂ ಹೇಳಬೇಕು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲಾ ಕಾಲೇಜುಗಳಿಗೆ ವಿದ್ಯುತ್ತು, ನೀರು ಉಚಿತವೆಂದು ಮುಖ್ಯಮಂತ್ರಿಗಳು ಪ್ರಕಟಿಸಿದರು. ಕರೆಂಟ್ ಬಿಲ್ಲು ಕಟ್ಟಲಾಗದೆ ಪಂಪು ನಿಲ್ಲಿಸಿಕೊಂಡು ಕೂರುತ್ತಿದ್ದ ಶಾಲೆಗಳಿಗೆ ಇದರಿಂದ ದೊಡ್ಡ ಹೊರೆ ಇಳಿಯಿತು. ಕಟ್ಟಡ ಕೊಡುವುದರ ಜತೆಗೆ ಅದನ್ನು ನಡೆಸುವ ಖರ್ಚು ಹೊರುವುದೂ ಎಷ್ಟು ಮುಖ್ಯ ಎಂದು ಸರ್ಕಾರ ಒಪ್ಪಿಕೊಂಡ ಅಪರೂಪದ ಸಂದರ್ಭವದು.

ಕಾವಲು ಯಾರಿಗೆ, ಯಾರಿಂದ

ಭದ್ರತೆ ಎಂದ ಕೂಡಲೇ ನಮಗೆ ಹೊಳೆಯುವುದು ಕಾಂಪೌಂಡು, ಬೀಗ, ಸಿಸಿ ಕ್ಯಾಮೆರಾ. ಕಾಂಪೌಂಡು ಬೇಕು. ಸೋಮವಾರ ಬೆಳಿಗ್ಗೆ ಜಗಲಿಯ ಮೇಲಿನ ಬಾಟಲಿ ಚೂರು ಆರಿಸಿ ಪ್ರಾರ್ಥನೆ ಶುರುಮಾಡುವ ಶಿಕ್ಷಕಿಯರನ್ನು ಕೇಳಿ, ಏಕೆ ಬೇಕೆಂದು ಹೇಳುತ್ತಾರೆ. ಆದರೆ ಕಳ್ಳನನ್ನು ತಡೆಯುವ ಬೀಗವೇ ಬೆಂಕಿಯ ಹೊತ್ತಿನಲ್ಲಿ ಮಕ್ಕಳನ್ನೂ ತಡೆಯುತ್ತದೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಮಂದಿ ಸತ್ತದ್ದು ಹೊರಹೋಗಲು ದಾರಿ ಸಾಲದೆ. ನಮ್ಮ ಊರುಗಳಲ್ಲೂ ವಾರ್ಷಿಕೋತ್ಸವ ನಡೆಯುವುದು ಸಿಂಥೆಟಿಕ್ ಬಟ್ಟೆಯ ಶಾಮಿಯಾನದಡಿಯಲ್ಲೇ. ಶಾಲೆ ನಡೆಯುವ ಹೊತ್ತಿನಲ್ಲಿ ಎಳೆಯುವ ಗೇಟಿಗೆ ಹೊರಗಿನಿಂದ ಬೀಗ ಹಾಕಬಾರದು, ಮೆಟ್ಟಿಲ ಕೆಳಗೆ ಮುರಿದ ಬೆಂಚು ಒಟ್ಟಬಾರದು, ಎರಡನೆಯ ದಾರಿ ಇರಲೇಬೇಕು. ಕಟ್ಟಡ ಸಂಹಿತೆ ಶಾಲೆಯ ಮೆಟ್ಟಿಲಿಗೆ ಕನಿಷ್ಠ ಒಂದೂವರೆ ಮೀಟರ್ ಅಗಲ ಹೇಳಿರುವುದು ಅಲಂಕಾರಕ್ಕಲ್ಲ.

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಖಾಸಗಿ ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಹುಸಿ ಬೆದರಿಕೆ ಎಂದು ಆಮೇಲೆ ತಿಳಿಯಿತು. ಇಂಥ ಬೆಳಿಗ್ಗೆ ಕೆಲಸಕ್ಕೆ ಬರುವುದು ಸಣ್ಣ ಸಣ್ಣ ಸಿದ್ಧತೆಗಳು: ಮಕ್ಕಳು ಎಲ್ಲಿ ಸೇರಬೇಕು, ತಲೆ ಎಣಿಸುವವರು ಯಾರು, ಪೋಷಕರು ಯಾವ ಗೇಟಿನಲ್ಲಿ ನಿಲ್ಲಬೇಕು, ಯಾರ ಕೈಗೆ ಮಗುವನ್ನು ಕೊಡಬಹುದು. ವರ್ಷಕ್ಕೆರಡು ಸಲ ಅಣಕು ತಾಲೀಮು ಮಾಡಿದ ಶಾಲೆಯಲ್ಲಿ ಇದಕ್ಕೆಲ್ಲ ಉತ್ತರ ಸಿದ್ಧವಿರುತ್ತದೆ.

ಕ್ಯಾಮೆರಾ ಆದದ್ದನ್ನು ದಾಖಲಿಸುತ್ತದೆ, ಆಗುವುದನ್ನು ತಡೆಯಲು ಮನುಷ್ಯರೇ ಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ‘ಸಂಸ್ಥೆಯ ಮರ್ಯಾದೆ’ಗಾಗಿ ಮುಚ್ಚಿಡುವುದೂ ಶಿಕ್ಷಾರ್ಹ. ಕ್ಯಾಮೆರಾ ಖರೀದಿಸಿದ ಆಡಳಿತ ಮಂಡಳಿಗಳು ಈ ಕಲಮನ್ನು ಬಸ್ ಚಾಲಕರಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರಿಗೂ ಓದಿ ಹೇಳಿದ್ದಾರೆಯೇ?

ಅಪಾಯ ಯಾವಾಗಲೂ ಗೇಟಿನಿಂದಲೇ ಬರುವುದಿಲ್ಲ. ನಮ್ಮ ಗಡಿಯಾಚೆಗೇ ಇರುವ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ 2019ರ ನವೆಂಬರಿನಲ್ಲಿ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಕಚ್ಚಿ ಐದನೇ ತರಗತಿಯ ಬಾಲಕಿ ಸತ್ತಳು. ಆ ಬಿಲ ಮುಚ್ಚಲು ಒಂದು ಬಾಂಡಲಿ ಕಾಂಕ್ರೀಟು ಸಾಕಾಗುತ್ತಿತ್ತು.

ಇನ್ನೊಂದು ಬಗೆಯ ಭದ್ರತೆ ಕಾಗದದ್ದು. ಊರಿನ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ ಎದ್ದ ಶಾಲೆಗಳು ನಮ್ಮಲ್ಲಿ ಬಹಳ. ಪಹಣಿ ಇನ್ನೂ ದಾನಿಯ ತಾತನ ಹೆಸರಿನಲ್ಲೇ ಇರುತ್ತದೆ. ಊರು ಬೆಳೆದು ಜಾಗಕ್ಕೆ ಬೆಲೆ ಬಂದಾಗ ಮೊಮ್ಮಕ್ಕಳು ಬರುತ್ತಾರೆ, ಆಟದ ಬಯಲಿಗೆ ಬೇಲಿ ಬೀಳುತ್ತದೆ. ಜಾಗ ಶಾಲೆಯ ಹೆಸರಿಗೆ ಆಗಿದೆಯೇ ಎಂದು ನೋಡುವುದು ಕಾಂಪೌಂಡು ಕಟ್ಟುವುದಕ್ಕಿಂತ ಮೊದಲಿನ ಕೆಲಸ.

ಕಾಲೇಜುಗಳ ಬಗ್ಗೆ ಎರಡು ಮಾತು

ಕಾಲೇಜುಗಳಲ್ಲಿ ನಿರ್ವಹಣೆಯ ಕ್ಯಾಲೆಂಡರು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಸುತ್ತ ತಿರುಗುತ್ತದೆ. ಮೌಲ್ಯಮಾಪನದ ತಿಂಗಳು ಬಣ್ಣ, ಹೂಕುಂಡ, ನಾಮಫಲಕ. ಮುಗಿದ ಮೇಲೆ ಮತ್ತೆ ಮೌನ. ಬಣ್ಣದಡಿ ಉಳಿಯುವುದು ಹಳೆಯ ವೈರಿಂಗು. ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನಿಗೆಂದು ಎಳೆದ ತಂತಿಗೆ ಈಗ ನಲವತ್ತು ಕಂಪ್ಯೂಟರು, ಯುಪಿಎಸ್, ಎಸಿ, ಪ್ರೊಜೆಕ್ಟರು ಸೇರಿವೆ. ಸೋರಿಕೆ ವಿದ್ಯುತ್ತು 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಸರಬರಾಜು ಕಡಿಯುವ ಆರ್‌ಸಿಸಿಬಿ ಪ್ರತಿ ಪ್ರಯೋಗಾಲಯಕ್ಕೂ, ಹಾಸ್ಟೆಲಿನ ಸ್ನಾನದ ಮನೆಗೂ ಬೇಕು. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡುವವರೂ ಬೇಕು.

ಮಾಡಬಹುದಾದದ್ದು

ಮೊದಲನೆಯದು ವಹಿ. ಪ್ರತಿ ಶಾಲೆಯಲ್ಲೂ ಒಂದು ನೂರು ಪುಟದ ನೋಟು ಪುಸ್ತಕ: ದಿನಾಂಕ, ಏನು ಕೆಟ್ಟಿದೆ, ಯಾರು ಕಂಡರು, ಯಾರಿಗೆ ತಿಳಿಸಲಾಯಿತು, ಎಂದು ಸರಿಯಾಯಿತು. ನಮ್ಮ ಶಾಲಾ ಸಂಸತ್ತುಗಳಲ್ಲಿ ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ ಎಂದು ಮಕ್ಕಳಿದ್ದಾರಲ್ಲ, ಅವರಿಗೇ ವಾರಕ್ಕೊಮ್ಮೆ ಬರೆಯಲು ಬಿಡಿ. ಗಿಲಾವು ಉದುರುವುದು ಮೊದಲು ಕಾಣುವುದು ಅವರಿಗೇ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಪ್ರತಿ ಸಭೆಯಲ್ಲಿ ಆ ವಹಿ ಓದಿ ಅಧ್ಯಕ್ಷರು ಸಹಿ ಮಾಡಲಿ. ಸಹಿ ಬಿದ್ದ ಕಾಗದವನ್ನು ಇಲಾಖೆ ಸುಲಭವಾಗಿ ತಳ್ಳಿಹಾಕಲಾರದು.

ಎರಡನೆಯದು ಆಳು. ಒಂದೊಂದು ಶಾಲೆಗೂ ಪ್ಲಂಬರು, ಎಲೆಕ್ಟ್ರಿಷಿಯನ್ನು, ಗಾರೆ ಕೆಲಸದವರು ಸಾಧ್ಯವಿಲ್ಲ. ಗ್ರಾಮ ಪಂಚಾಯತಿ ವ್ಯಾಪ್ತಿಯ ಎಲ್ಲ ಶಾಲೆ, ಅಂಗನವಾಡಿಗಳಿಗೆ ಸೇರಿ ಒಬ್ಬೊಬ್ಬರನ್ನು ವರ್ಷದ ಕರಾರಿನ ಮೇಲೆ ಗೊತ್ತುಮಾಡಬಹುದು. ಊರಿಗೆ ನೀರು ಬಿಡಲು ನೀರುಗಂಟಿ ಇರುವಂತೆ ಶಾಲೆಗಳ ದುರಸ್ತಿಗೂ ಒಬ್ಬ ಗೊತ್ತಾದ ಮನುಷ್ಯ, ಒಂದು ಗೊತ್ತಾದ ಫೋನ್ ನಂಬರು ಇರಲಿ.

ಮೂರನೆಯದು ಹಣ, ಇಲ್ಲಿ ದತ್ತಿಯ ಮಾತು ಬರುತ್ತದೆ. ದತ್ತಿ ಇಡುವವರು ಮೂಲಧನ ಮುಟ್ಟುವುದಿಲ್ಲ. ಬಡ್ಡಿಯಲ್ಲಿ ವರ್ಷ ವರ್ಷ ಕಾರ್ಯಕ್ರಮ ನಡೆಯುತ್ತದೆ. ಈ ಪದ್ಧತಿಯನ್ನು ನಾವು ಉಪನ್ಯಾಸಕ್ಕೆ, ಚಿನ್ನದ ಪದಕಕ್ಕೆ, ದೇವಸ್ಥಾನದ ನಂದಾದೀಪಕ್ಕೆ ಬಳಸಿದ್ದೇವೆ, ಶಾಲೆಯ ಸೂರಿಗೆ ಬಳಸಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬರು 15 ಲಕ್ಷ ಕೊಟ್ಟು ತಂದೆಯ ಹೆಸರಿನಲ್ಲಿ ಒಂದು ಕೊಠಡಿ ಕಟ್ಟಿಸುತ್ತಾರೆನ್ನಿ. ಅದರ ಹತ್ತನೇ ಒಂದು ಪಾಲು, ಒಂದೂವರೆ ಲಕ್ಷವನ್ನು, ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಶೇ. 6.5ರ ಬಡ್ಡಿಯಲ್ಲಿ ವರ್ಷಕ್ಕೆ 9,750 ರೂಪಾಯಿ ಬರುತ್ತದೆ. ಸಣ್ಣ ಶಾಲೆಯೊಂದಕ್ಕೆ ಸರ್ಕಾರದಿಂದ ವರ್ಷವಿಡೀ ಬರುವ ಅನುದಾನ ಹೆಚ್ಚುಕಡಿಮೆ ಅಷ್ಟೇ. ಆ ಒಂದು ಕೊಠಡಿಯ ತಾರಸಿ, ಬಾಗಿಲು, ಫ್ಯಾನುಗಳನ್ನು ಅದು ಆರಾಮವಾಗಿ ಸಾಕುತ್ತದೆ. ಸರ್ಕಾರದ ಹೊಣೆಯನ್ನು ದಾನಿಗಳ ಹೆಗಲಿಗೆ ಹೊರಿಸಲು ನಾನು ಇದನ್ನು ಹೇಳುತ್ತಿಲ್ಲ. ಸರ್ಕಾರವೂ ಹೊಸ ಕೊಠಡಿ ಮಂಜೂರು ಮಾಡುವಾಗಲೇ ಮುಂದಿನ ವರ್ಷಗಳ ನಿರ್ವಹಣೆಯ ಹಣವನ್ನು ಅಂದಾಜುಪಟ್ಟಿಯಲ್ಲಿ ಸೇರಿಸಲಿ. ನಾಲ್ಕು ಕೊಠಡಿ ಕಟ್ಟುವ ಕಡೆ ಮೂರು ಕಟ್ಟಿದರೂ ಚಿಂತೆಯಿಲ್ಲ, ಮೂರೂ ಸೋರದಿರಲಿ.

ಎಸ್‌ಡಿಎಂಸಿಯ ಬಂಧುಗಳಿಗೆ ಕೊನೆಯ ಕೋರಿಕೆ. ಶಿಕ್ಷಣ ಹಕ್ಕು ಕಾಯ್ದೆಯ 22ನೆಯ ಕಲಮು ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಅಧಿಕಾರವನ್ನು ನಿಮಗೆ ಕೊಟ್ಟಿದೆ. ಆ ಯೋಜನೆಯ ಮೊದಲ ಪುಟದಲ್ಲಿ ಹೊಸ ಕಟ್ಟಡದ ಬೇಡಿಕೆ ಬರೆಯಬೇಡಿ. ಇರುವ ಕಟ್ಟಡದ ದುರಸ್ತಿ ಬರೆಯಿರಿ. ಬೇಸಿಗೆ ರಜೆ ಮುಗಿಯುವ ಮೊದಲು ಒಂದು ದಿನ ಒಬ್ಬ ಗಾರೆಯವರನ್ನೂ ಒಬ್ಬ ಎಲೆಕ್ಟ್ರಿಷಿಯನ್ನರನ್ನೂ ಕರೆದುಕೊಂಡು ಹೋಗಿ ತಾರಸಿ, ಟ್ಯಾಂಕು, ಮೀಟರ್ ಬೋರ್ಡು, ಶೌಚಾಲಯ, ಬಾವಿಯ ಕಟ್ಟೆ ನೋಡಿ ಬನ್ನಿ. ಕಂಡದ್ದನ್ನು ಬರೆದು ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ, ಇನ್ನೊಂದನ್ನು ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಮುಂದಿನ ತಿಂಗಳು ಅದೇ ಪಟ್ಟಿ ಹಿಡಿದು ಮತ್ತೆ ಹೋಗಿ. ಈ ಕೆಲಸಕ್ಕೆ ಫೋಟೊ ಬೇಡ, ಹಾರ ಬೇಡ. ಶಾಲೆ ಬಾಗಿಲು ತೆರೆಯುವ ದಿನ ಯಾವ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಬಹುದು, ಯಾವುದಕ್ಕೆ ಬೀಗ ಹಾಕಬೇಕು ಎಂಬುದು ನಿಮಗೆ ಖಚಿತವಾಗಿ ಗೊತ್ತಿದ್ದರೆ ಅಷ್ಟು ಸಾಕು.